ಗೋದಲಿಗೊಂದು ಕೌದಿ

(ಸುವರ್ಣ ಮಹೋತ್ಸವದ ಗುರುವಂದನೆ ಕಾರ್ಯಕ್ರಮದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು 1986ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ನಾವು ಓದುವಾಗ ನಮ್ಮದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತು, ಆಮೇಲೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಅರಸೀಕೆರೆ ಇದ್ದಲ್ಲೇ ಇದೆ, ಜಿಲ್ಲೆಗಳೇ ಮೇಷ್ಟ್ರ ಹಾಗೆ ವರ್ಗವಾಗಿ ಬಂದು ಹೋಗಿವೆ. ಇವತ್ತು ಹಾಗೆ ವರ್ಗವಾಗಿ ಬಂದು ಹೋದ ಒಬ್ಬ ಟೀಚರ್ ಬಗ್ಗೆ ಮಾತಾಡುತ್ತೇನೆ. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಮುಜುಗರ. ನಮ್ಮ ಬ್ಯಾಚಿನವರಿಗೆ ಹೇಳುವ ಅಗತ್ಯವೂ ಇಲ್ಲ.

ಅವರು ದಕ್ಷಿಣ ಕನ್ನಡದವರು, ಬಂಟ್ವಾಳದ ಕಡೆಯ ಕ್ಯಾಥೊಲಿಕ್ ಮನೆತನದವರು. ನಮಗೆ ಗಣಿತ ಕಲಿಸಲು ಬಂದು, ನಮ್ಮ ಓಣಿಯಲ್ಲೇ, ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗೆ ಇದ್ದರು. ಅವರ ಕನ್ನಡ ಪುಸ್ತಕದ ಕನ್ನಡ. ನಮ್ಮವ್ವನ ಕನ್ನಡ ಹೊಲದ ಕನ್ನಡ. ಮೊದಲ ತಿಂಗಳು ಇಬ್ಬರ ನಡುವೆ ನಾನೇ ದುಭಾಷಿ. "ನೀರು ಸೇದಲು ಹಗ್ಗ ಕೊಡುತ್ತೀರಾ" ಎಂದು ಅವರು ಕೇಳಿದರೆ, "ಮಿಣಿ ಕೇಳ್ತಾರವ್ವ" ಎಂದು ನಾನು ಹೇಳಬೇಕು.

1984ರ ಡಿಸೆಂಬರ್. ಆ ವರ್ಷ ಇಂದಿರಾ ಗಾಂಧಿಯವರ ಹತ್ಯೆಯಾಗಿತ್ತು, ಡಿಸೆಂಬರ್ ಕೊನೆಯ ವಾರದಲ್ಲೇ ಲೋಕಸಭೆ ಚುನಾವಣೆ. ಮೇಷ್ಟ್ರುಗಳಿಗೆ ಊರು ಬಿಡುವ ಮಾತೇ ಇಲ್ಲ. ದಾವಣಗೆರೆಗೆ ಹೋಗಿ, ಶಿವಮೊಗ್ಗ ದಾಟಿ, ಘಟ್ಟ ಇಳಿದು ಮನೆ ಸೇರುವುದು ಒಂದು ದಿನದ ರಜೆಯಲ್ಲಿ ಆಗುವ ಕೆಲಸವೂ ಅಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಟೀಚರ್ ಕ್ರಿಸ್ಮಸ್ಸಿಗೆ ಮನೆಗೆ ಹೋಗಲಿಲ್ಲ. ಅವರ ತಾಯಿ ಮನೆಯಲ್ಲಿ ಮಾಡಿದ ತಿಂಡಿಗಳನ್ನು ಡಬ್ಬಿಗೆ ತುಂಬಿ ಪಾರ್ಸಲ್ ಕಳಿಸಿದರು. ಆದರೆ ವಿಳಾಸದಲ್ಲಿ ತಾಲ್ಲೂಕಿನ ಹೆಸರು ಬರೆಯಲು ಮರೆತರು. ಪಾರ್ಸಲ್ ನೆಟ್ಟಗೆ ಹಾಸನ ಜಿಲ್ಲೆಯ ಅರಸೀಕೆರೆಗೆ ಹೋಯಿತು! ನಗಬೇಡಿ, ನಮ್ಮಲ್ಲಿ ಎಷ್ಟು ಜನರ ಮದುವೆ ಪತ್ರಿಕೆ ಆ ಅರಸೀಕೆರೆ ಸುತ್ತಿ ಮದುವೆ ಮುಗಿದ ಮೇಲೆ ಬಂದಿಲ್ಲ? ಆ ಡಬ್ಬಿ ನಮ್ಮ ಓಣಿ ಸೇರಿದಾಗ ಸಂಕ್ರಾಂತಿ ಆಗಿತ್ತು. ಒಳಗಿದ್ದದ್ದೆಲ್ಲ ಪುಡಿ.

ಅವರ ಕಡೆ ಕ್ರಿಸ್ಮಸ್ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಹೀಗೆ ಹಲವು. ಹಬ್ಬಕ್ಕೆ ಮುಂಚೆ ಮನೆಮಂದಿಯೆಲ್ಲ, ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ, ಚಾಪೆ ಹಾಸಿ ಸುತ್ತ ಕೂತು ಮಾಡುತ್ತಾರೆ. ಆಮೇಲೆ ತಟ್ಟೆಯಲ್ಲಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ನೆರೆಮನೆಗಳಿಗೆ ಕೊಟ್ಟು ಬರುತ್ತಾರೆ. ನೆರೆಯವರು ಯಾವ ಜಾತಿ, ಯಾವ ಧರ್ಮ ಎಂಬ ಲೆಕ್ಕ ಅದಕ್ಕಿಲ್ಲ. ಟೀಚರಿಗೆ ಊರಿನ ಹಂಬಲಕ್ಕಿಂತ ಇದೇ ಹೆಚ್ಚು ಕಾಡಿತು ಅಂತ ಕಾಣುತ್ತದೆ. ನಮ್ಮ ಕಟ್ಟೆಗೆ ಬಂದು ಕೂತು, "ಹಬ್ಬದ ದಿನ ನನ್ನ ಕೈಯಿಂದ ನಿಮಗೆ ಕೊಡಲಿಕ್ಕೆ ಏನೂ ಇಲ್ಲವಲ್ಲಾ ಅಕ್ಕ" ಅಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅವತ್ತೊಂದೇ ದಿನ.

ನಮ್ಮವ್ವ ಕೇಳಿದಳು, "ಏನ್ ಮಾಡ್ತೀರಿ ಅಕ್ಕೋರೆ ನಿಮ್ ಹಬ್ಬಕ್ಕ? ಹೇಳ್ರಿ, ಮಾಡೋಣು."

ಅವತ್ತು ಸಂಜೆ ನಮ್ಮ ಪಡಸಾಲೆಯಲ್ಲಿ ಕುಸ್ವಾರ್ ಶುರುವಾಯಿತು. ನೆವ್ರಿ ಅಂದರೆ ನಮ್ಮ ಕರ್ಚಿಕಾಯಿ, ಅವ್ವನಿಗೆ ಅದರಲ್ಲಿ ಕಲಿಯುವುದೇನೂ ಇರಲಿಲ್ಲ. ಹಸಿ ತೆಂಗಿನಕಾಯಿ ನಮ್ಮಲ್ಲಿ ದುಬಾರಿ, ಹಾಗಾಗಿ ಹುರಿದ ಶೇಂಗಾ ಕುಟ್ಟಿ ಬೆಲ್ಲ ಸೇರಿಸಿ ಹೂರಣ ಮಾಡಿದಳು. ಕಿಡಿಯೊ ಎಂದರೆ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುವುದು. ಟೀಚರ್ ತೋರಿಸುತ್ತಿದ್ದಂತೆ ಅವ್ವ ನಕ್ಕುಬಿಟ್ಟಳು. ನಮ್ಮ ಹೆಣ್ಣುಮಕ್ಕಳು ಮದುವೆ ಮನೆಗೆ ಹಣಿಗೆಯ ಮೇಲೆ ಗವಲಿ ಹೊಸೆಯುತ್ತಾರಲ್ಲ, ಅದೇ ಕೈಚಳಕ. "ಇದಕ್ಕ ಮಂಗ್ಳೂರಿಂದ ಬರಬೇಕಾಗಿತ್ತೇನ್ರಿ" ಅಂದಳು. ಟೀಚರ್ ಹತ್ತು ಮಾಡುವಷ್ಟರಲ್ಲಿ ಅವ್ವ ಮೊರದ ತುಂಬ ಮಾಡಿದ್ದಳು.

ನಮಗೆ ಹುಡುಗರಿಗೆ ಬೇರೆ ಕೆಲಸ. ಬಿದಿರಿನ ಸಿಬಿರು ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಒಳಗೊಂದು ಬಲ್ಬು ಇಳಿಬಿಟ್ಟು ನಕ್ಷತ್ರ ಮಾಡಿದೆವು. ದಾರಿಯಲ್ಲಿ ಹೋಗುವವರು ನಿಂತು, "ಅಕ್ಕೋರೆ, ದೀಪಾವಳಿ ಹೋಗಿ ಎರಡು ತಿಂಗಳಾತು, ಆಕಾಶಬುಟ್ಟಿ ಈಗ ಯಾಕ್ರಿ" ಎಂದು ಕೇಳಿದರು. ಅದಾದ ಮೇಲೆ ಗೋದಲಿ. ಕ್ರಿಸ್ತ ಹುಟ್ಟಿದ ದನದ ಕೊಟ್ಟಿಗೆಯ ಸಣ್ಣ ರೂಪ ಅದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸರು ನಿಜವಾದ ಎತ್ತು ಕತ್ತೆಗಳನ್ನೇ ನಿಲ್ಲಿಸಿ ಈ ಪದ್ಧತಿಗೆ ಜನರ ನಡುವೆ ಜೀವ ಕೊಟ್ಟರು ಎಂದು ಮುಂದೆ ಓದಿ ತಿಳಿದೆ. ನಮಗೆ ಆಗ ಅದೆಲ್ಲ ಗೊತ್ತಿಲ್ಲ. ಟೀಚರ್ "ಒಂದು ಎತ್ತು, ಒಂದು ಕತ್ತೆ ಬೇಕು" ಅಂದರು. ಮಣ್ಣೆತ್ತಿನ ಅಮಾವಾಸ್ಯೆಗೆ ವರ್ಷವೂ ಎತ್ತು ಮಾಡಿದ ಕೈ ನಮ್ಮದು. ಕೆರೆಯ ಮಣ್ಣು ತಂದು ಕಲಸಿ ಎತ್ತು ಮಾಡಿದೆವು, ಇಣಿ ಸಮೇತ. ಕೊಂಬಿಗೆ ಕೊಡಣಸು ಹಾಕಿದಂತೆ ಜೋಳದ ಕಾಳು ಬೇರೆ ಚುಚ್ಚಿದೆವು. ಬೆತ್ಲೆಹೇಮಿನಲ್ಲಿ ಇಣಿಯ ಎತ್ತು ಇತ್ತೋ ಇಲ್ಲವೋ, ಅರಸೀಕೆರೆಯ ಗೋದಲಿಯಲ್ಲಿ ಇತ್ತು. ಕತ್ತೆ ಮಾತ್ರ ನಾಯಿಯ ಹಾಗೆ ಆಯಿತು.

ಗೋದಲಿಯ ಮುಂದೆ ಹಸಿರು ಇರಲೆಂದು ಅವರ ಕಡೆ ಬಟ್ಟಲಲ್ಲಿ ಕಾಳು ಬಿತ್ತಿ ಮೊಳಕೆ ಬರಿಸುತ್ತಾರಂತೆ. ಆ ಕೆಲಸವನ್ನು ತಾಂಡಾದಿಂದ ಬರುತ್ತಿದ್ದ ನಮ್ಮ ಸಹಪಾಠಿ ಹುಡುಗಿಯೊಬ್ಬಳು ವಹಿಸಿಕೊಂಡಿದ್ದಳು. ಶ್ರಾವಣದ ತೀಜ್ ಹಬ್ಬಕ್ಕೆ ಲಂಬಾಣಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗೋಧಿ ಬಿತ್ತಿ ಒಂಬತ್ತು ದಿನ ನೀರುಣಿಸಿ ಬೆಳೆಸುತ್ತಾರೆ. "ಬಿಸಿಲಿಗೆ ಇಡಬ್ಯಾಡ್ರಿ ಮಿಸ್, ಕತ್ತಲದಾಗ ಇಟ್ರ ಹಳದಿ ಬಣ್ಣ ಬಂದು ಉದ್ದಕ್ಕ ಬೆಳಿತೈತಿ" ಎಂದು ಗಣಿತದ ಟೀಚರಿಗೆ ಅವಳು ಪಾಠ ಹೇಳಿದಳು. ಅವಳು ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ನೆನಪಿದೆ ಅಲ್ಲವೇನವ್ವ?

ಹಬ್ಬದ ಹಿಂದಿನ ರಾತ್ರಿ ಓಣಿಯವರೆಲ್ಲ ಗೋದಲಿ ನೋಡಲು ಬಂದರು. ಟೀಚರ್ ಕಥೆ ಹೇಳಿದರು. ತುಂಬು ಗರ್ಭಿಣಿ ಮರಿಯಳು, ಊರೂರು ತಿರುಗಿದರೂ ಸಿಗದ ಜಾಗ, ಕೊಟ್ಟಿಗೆಯಲ್ಲಿ ಹೆರಿಗೆ, ನಕ್ಷತ್ರ ಹಿಡಿದು ಮೂಡಣ ದೇಶದಿಂದ ಬಂದ ಪಂಡಿತರು. ಅವರು ತಂದ ಕಾಣಿಕೆ ಚಿನ್ನ, ಧೂಪ, ರಕ್ತಬೋಳ. ಕನ್ನಡಕ್ಕೆ ಈ ಕಥೆ ಬಂದದ್ದೂ ಒಂದು ಲೆಕ್ಕದಲ್ಲಿ ನಮ್ಮ ಕಡೆಯಿಂದಲೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದವರು, ಕೆಲಸ ಮುಗಿದದ್ದು 1831ರಲ್ಲಿ. ಆದರೆ ಕಥೆ ಕೇಳಿದ ಮೇಲೆ ನಮ್ಮವ್ವ ಕೇಳಿದ ಪ್ರಶ್ನೆಯನ್ನು ಅದಕ್ಕೂ ಮೊದಲು ಯಾರಾದರೂ ಕೇಳಿದ್ದರೋ ಇಲ್ಲವೋ.

"ಅಲ್ರೀ ಅಕ್ಕೋರೆ, ಇಂಥಾ ಚಳಿಗಾಲದಾಗ, ದನದ ಕೊಟ್ಟಿಗ್ಯಾಗ ಹಡದಾಳ. ಹಸಿ ಬಾಣಂತಿ. ಬಂಗಾರ ತಗೊಂಡು ಏನ್ ಮಾಡ್ತಾಳ್ರೀ? ಅಷ್ಟು ದೂರದಿಂದ ಬಂದೋರು, ಒಬ್ಬರಿಗೂ ಒಂದು ಕೌದಿ ತರಬೇಕನ್ನಿಸ್ಲಿಲ್ಲೇನು?"

ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂದವರೆಲ್ಲ ಗಂಡಸರು ನೋಡಿ ಅಕ್ಕ" ಅಂದರು.

ತಟ್ಟೆಯ ಮಾತು ಹೇಳಬೇಕು. ಮರುದಿನ ಟೀಚರ್ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಓಣಿಯ ಮನೆಮನೆಗೂ ಕೊಟ್ಟರು. ನಮ್ಮಲ್ಲಿ ಬರಿ ತಟ್ಟೆ ತಿರುಗಿ ಕೊಡುವ ಪದ್ಧತಿ ಇಲ್ಲ. ಯಾರೋ ಹಿಡಿ ಸಜ್ಜೆ ಹಾಕಿದರು, ಯಾರೋ ಶೇಂಗಾ, ಯಾರೋ ನಾಲ್ಕು ಬದನೆಕಾಯಿ. ನಮ್ಮವ್ವ ಮಾತ್ರ ತಟ್ಟೆ ವಾಪಸ್ ಕೊಡಲೇ ಇಲ್ಲ. ಕೇಳಿದರೆ "ಕೊಡ್ತೀನಿ ತಡಿ" ಅನ್ನುವಳು. ಒಂದು ವರ್ಷ ಆ ತಟ್ಟೆ ನಮ್ಮ ನಾಗೊಂದಿಗೆಯ ಮೇಲೆ ಕೂತಿತ್ತು. 1985ರ ಡಿಸೆಂಬರಿನಲ್ಲಿ ಟೀಚರ್ ಮತ್ತೆ ಗೋದಲಿ ಇಟ್ಟಾಗ ಅವ್ವ ಆ ತಟ್ಟೆ ತೆಗೆದುಕೊಂಡು ಹೋದಳು. ಅದರಲ್ಲೊಂದು ಕೌದಿ. ಅಂಗೈಯಗಲದ್ದು, ಕೂಸಿನ ಗೊಂಬೆಗೆ ಸರಿಯಾಗುವಂಥದ್ದು. ಅದರ ಕೆಳಗೆ ಇನ್ನೊಂದು, ದೊಡ್ಡದು, ಟೀಚರಿಗೆ.

ಕೌದಿ ಗೊತ್ತಿಲ್ಲದ ಮಕ್ಕಳು ಈಗ ಇರಬಹುದು, ಅದಕ್ಕೆ ಹೇಳುತ್ತೇನೆ. ಉಟ್ಟು ಸವೆದ ಸೀರೆ, ಅಪ್ಪನ ಹಳೆಯ ಧೋತರ, ಮಕ್ಕಳ ಚಿಕ್ಕದಾದ ಅಂಗಿ, ಇವನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಶುರುಮಾಡಿ ಒಳಕ್ಕೆ ಸುತ್ತುತ್ತಾ ಕೈಯಲ್ಲೇ ದಾರ ಎಳೆದು ಹೊಲಿಯುವುದು. ಸುಗ್ಗಿ ಮುಗಿದ ಮೇಲೆ, ಹೊಲದ ಕೆಲಸ ಇಲ್ಲದ ಬೇಸಿಗೆಯಲ್ಲಿ, ಓಣಿಯ ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರು. ಒಂದು ಕೌದಿಗೆ ವಾರಗಟ್ಟಲೆ ಬೇಕು. ನಮ್ಮವ್ವ ಕೊನೆಯ ಹೊಲಿಗೆ ಮುಚ್ಚುವ ಮೊದಲು ಒಳಗೊಂದು ಚೂರು ಒಣಕೊಬ್ಬರಿ ಇಡುತ್ತಿದ್ದಳು. "ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದೋರಿಗೆ ನಿದ್ದಿ ಬರಂಗಿಲ್ಲ" ಅನ್ನುವಳು. ಕೊಬ್ಬರಿ ಇಟ್ಟ ಜಾಗದ ಮೇಲೆ ಕೆಂಪು ತುಂಡೊಂದನ್ನು ಹಚ್ಚುವಳು, ಅದೇ ಅವಳ ರುಜು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಈಗ ನನ್ನ ಸುದ್ದಿ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

1986ರಲ್ಲಿ ನಾನು ಪಿಯುಸಿ ಓದಲು ದಾವಣಗೆರೆಗೆ ಹೋದೆ, ಹಾಸ್ಟೆಲ್ ಸೇರಿದೆ. ಆ ಬೇಸಿಗೆಯಲ್ಲಿ ಅವ್ವ ನನಗಾಗಿ ಕೌದಿ ಹೊಲಿದಿದ್ದಳು. ಅವಳ ಮದುವೆಯ ಇಳಕಲ್ ಸೀರೆಯ ಸೆರಗು ಅದರ ನಡುವೆ ಇತ್ತು. ಹಾಸ್ಟೆಲ್ಲಿನಲ್ಲಿ ಪಕ್ಕದ ಮಂಚದ ಹುಡುಗರ ಹತ್ತಿರ ಸೊಲ್ಲಾಪುರದ ಚಾದರ. ಒಬ್ಬ ನನ್ನ ಕೌದಿ ನೋಡಿ, "ಏನೋ ಇದು, ಊರಿನ ಹಳೇ ಬಟ್ಟೆ ಎಲ್ಲ ಹೊತ್ಕೊಂಡು ಬಂದೀಯಲ್ಲೋ" ಅಂದ. ಆ ರಾತ್ರಿಯೇ ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ದಸರೆಯ ಹೊತ್ತಿಗೆ ಊಟದ ದುಡ್ಡಿನಲ್ಲಿ ಉಳಿಸಿ ನಾನೂ ಚಾದರ ಕೊಂಡೆ. ಟ್ರಂಕಿನಲ್ಲಿ ಜಾಗ ಸಾಲದೆ ಬಂದಾಗ ಕೌದಿಯನ್ನು ರಾತ್ರಿ ಕಾವಲಿನ ಮುದುಕನಿಗೆ ಕೊಟ್ಟುಬಿಟ್ಟೆ. ದಾನ ಮಾಡಿದೆ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ.

ಸಂಕ್ರಾಂತಿಗೆ ಅವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು, ಬೆಳಗಿನ ಮೊದಲ ಬಸ್ಸು ಹಿಡಿದು, ಹೇಳದೆ ಕೇಳದೆ ಬಂದಳು. ಗೇಟಿನಲ್ಲೇ ಆ ಮುದುಕ ಕೌದಿ ಹೊದ್ದು ಬಿಸಿಲು ಕಾಯಿಸುತ್ತಾ ಕೂತಿದ್ದ. ಕೆಂಪು ತುಂಡು ಅವನ ಹೆಗಲ ಮೇಲೆ. ನಾನು ಓಡಿ ಬರುವಷ್ಟರಲ್ಲಿ ಅವ್ವ ನೋಡಿಯಾಗಿತ್ತು. ನಾನು ಏನೇನೋ ಸುಳ್ಳು ಜೋಡಿಸುತ್ತಿದ್ದೆ. ಅವಳು ಬುತ್ತಿ ಬಿಚ್ಚಿ ಮೊದಲು ಎರಡು ರೊಟ್ಟಿ ಅವನಿಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಇರಲಿ ಬಿಡು, ಅಜ್ಜಗಾರ ಬೆಚ್ಚಗಾತಲ್ಲ" ಅಂದಳು. ಬೈದಿದ್ದರೆ ಅವತ್ತೇ ಮರೆಯುತ್ತಿದ್ದೆ.

ಮತ್ತೆ ಅವಳು ನನಗೆ ಕೌದಿ ಹೊಲಿಯಲಿಲ್ಲ. ನಾನೂ ಕೇಳಲಿಲ್ಲ, ಯಾವ ಬಾಯಲ್ಲಿ ಕೇಳುವುದು? ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಮೇಲೆ ಹಬ್ಬಹಬ್ಬಕ್ಕೂ ಅವಳಿಗೆ ರೇಷ್ಮೆ ಸೀರೆ, ಸ್ವೆಟರು, ಫ್ಯಾನು, ಮಿಕ್ಸಿ ತಂದುಕೊಟ್ಟೆ. ಎಲ್ಲವನ್ನೂ ಬಂದವರಿಗೆ ತೋರಿಸಿ, ಮಡಿಚಿ ಪೆಟ್ಟಿಗೆಯಲ್ಲಿ ಇಟ್ಟಳು. ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಬನ್ನಿ ಎಲೆ ಅಂಟಿಸಿ ದಸರೆಗೆ ಒಂದು ಕಾರ್ಡು ಮಾಡಿ ಅಜ್ಜಿಗೆ ಕೊಟ್ಟಿದ್ದಳು. ಅದು ಮಾತ್ರ ಪೆಟ್ಟಿಗೆಗೆ ಹೋಗಲಿಲ್ಲ. ಎಲೆ ಉದುರಿ ಕಡ್ಡಿ ಉಳಿಯುವವರೆಗೂ ದೇವರ ಜಗಲಿಯ ಮೇಲಿತ್ತು.

2014ರಲ್ಲಿ ನನಗೆ ಮಂಗಳೂರಿಗೆ ವರ್ಗವಾಯಿತು. ಹುಡುಕಿಕೊಂಡು ಟೀಚರ್ ಮನೆಗೆ ಹೋದೆ, ಕ್ರಿಸ್ಮಸ್ಸಿನ ದಿನವೇ. ನಿವೃತ್ತಿಯಾಗುವ ಹೊಸ್ತಿಲಲ್ಲಿದ್ದರು, ಕೂದಲು ನರೆತಿತ್ತು, ಧ್ವನಿ ಅದೇ. "ಬಾ ಮಾರಾಯ, ಒಂಬತ್ತರ ಮಗ್ಗಿ ಈಗಲಾದರೂ ಬರುತ್ತದಾ?" ಅಂದರು. ಮನೆಯವರೆಲ್ಲ ಹಿಂದಿನ ವಾರ ಕೂತು ಮಾಡಿದ ಕುಸ್ವಾರ್ ತಟ್ಟೆ ಮುಂದೆ ಬಂತು. ನೆವ್ರಿಯಲ್ಲಿ ಶೇಂಗಾ ಹೂರಣ. ಅವರ ತಂಗಿ, "ಇದೊಂದು ತಟ್ಟೆ ಮಾತ್ರ ಯಾವಾಗಲೂ ಇವಳ ಅರಸೀಕೆರೆ ಕುಸ್ವಾರ್" ಎಂದು ನಕ್ಕರು. ಪಡಸಾಲೆಯ ಮೂಲೆಯಲ್ಲಿ ಗೋದಲಿ ಇತ್ತು. ಗೊಂಬೆಗಳೆಲ್ಲ ಹೊಸವು, ಅಂಗಡಿಯವು. ಕೂಸಿನ ಕೆಳಗೆ ಮಾತ್ರ ಅವ್ವನ ಕೌದಿ. ಬಣ್ಣ ಹೋಗಿತ್ತು. ಮೂವತ್ತು ವರ್ಷ, ಪ್ರತಿ ಕ್ರಿಸ್ಮಸ್ಸಿಗೆ ತೆಗೆದು ಹಾಸಿದ್ದಾರೆ.

"ಒಂದು ಕಡೆ ಇಲಿ ಕಚ್ಚಿದೆ ನೋಡು" ಎಂದು ಟೀಚರ್ ಬೇಸರದಿಂದ ತೋರಿಸಿದರು. "ಸರಿಯಾಗಿ ಆ ಕೆಂಪು ತುಂಡಿನ ಹತ್ತಿರವೇ ಯಾಕೆ ಕಚ್ಚಿತೋ ಗೊತ್ತಿಲ್ಲ." ನಾನು ಕೊಬ್ಬರಿಯ ಗುಟ್ಟು ಹೇಳಿದೆ. ಟೀಚರ್ ಕಣ್ಣೊರೆಸಿಕೊಳ್ಳುತ್ತಲೇ ಜೋರಾಗಿ ನಕ್ಕರು.

ಊರಿಗೆ ಬಂದು ಅವ್ವನಿಗೆ ಹೇಳಿದೆ. ಅಷ್ಟು ಹೊತ್ತಿಗೆ ಅವಳ ಕಣ್ಣು ಮಂಜಾಗಿತ್ತು, ಮೊಬೈಲಿನ ಫೋಟೋ ತೋರಿಸಿದರೂ ಕಾಣಲಿಲ್ಲ. "ಕೆಂಪು ತುಂಡು ಕಿತ್ತೈತೋ, ಒಳಗಿನ ಪದರನೂ ಹೋಗೈತೋ?" ಎಂದು ಕೇಳಿದಳು. ಮೇಲಿನದಷ್ಟೇ ಅಂದೆ. "ಹಂಗಾರ ತೇಪೆ ಹಚ್ಚಬೌದು. ಸೂಜಿ ತಾ, ಹೆಂಗಂತ ಹೇಳಿಕೊಡ್ತೀನಿ." ಐವತ್ತರ ಹತ್ತಿರದ ಬ್ಯಾಂಕ್ ಮ್ಯಾನೇಜರು ಅವತ್ತು ಅವ್ವನ ಕಾಲ ಬುಡದಲ್ಲಿ ಕೂತು ದಾರ ಪೋಣಿಸಿದೆ. ನಾನು ಹಾಕಿದ ಹೊಲಿಗೆಯನ್ನು ಅವಳು ಬೆರಳಲ್ಲಿ ಸವರಿ ನೋಡುವಳು, "ದೂರ ಆತು, ಬಿಚ್ಚು" ಅನ್ನುವಳು. ಮೂರು ದಿನದಲ್ಲಿ ಒಂದು ಗೇಣು ಕಲಿತೆ. ಹಾಸ್ಟೆಲ್ಲಿನ ಗೇಟಿನ ವಿಷಯ ಅವತ್ತು ಎತ್ತಿದೆ. "ತಪ್ಪಾತವ್ವ" ಅಂದೆ. "ಯಾವ ಗೇಟು?" ಅಂದಳು. ನಿಜವಾಗಿ ಮರೆತಿದ್ದಳೋ, ನನಗಾಗಿ ಮರೆತಳೋ, ಈಗ ಕೇಳೋಣವೆಂದರೆ ಅವಳಿಲ್ಲ. ಎರಡು ವರ್ಷದ ಹಿಂದೆ ಹೋದಳು.

ಈ ಕಾರ್ಯಕ್ರಮದ ಸಭೆಯಲ್ಲಿ ಗುರುಗಳಿಗೆ ಏನು ಕೊಡುವುದು ಎಂಬ ಚರ್ಚೆ ಬಂತು. ಶಾಲು, ಹಾರ, ಪೇಟ, ಗಾಜಿನ ನೆನಪಿನ ಕಾಣಿಕೆ ಎಂದು ತೀರ್ಮಾನವಾಯಿತು. ಅದು ಬೇಡ ಎನ್ನುವುದಿಲ್ಲ, ನಾನೂ ಚಂದಾ ಕೊಟ್ಟಿದ್ದೇನೆ. ಮೇಷ್ಟ್ರುಗಳ ಮನೆಯ ಶೋಕೇಸಿನಲ್ಲಿ ಇನ್ನೂ ಜಾಗ ಇದೆಯೇ ಎಂದು ಮಾತ್ರ ಯಾರಾದರೂ ಕೇಳಬೇಕಿತ್ತು. ನಮ್ಮ ಟೀಚರ್ ಮೊಣಕಾಲು ನೋವಿನಿಂದ ಇವತ್ತು ಬರಲಾಗಲಿಲ್ಲ. ಬರುವ ಕ್ರಿಸ್ಮಸ್ಸಿಗೆ ನಾನು ಅವರ ಮನೆಗೆ ಹೋಗುತ್ತೇನೆ. ಅವರಿಗೊಂದು ಕೌದಿ ಒಯ್ಯಬೇಕೆಂದಿದ್ದೇನೆ. ನಾನು, ನನ್ನ ಹೆಂಡತಿ, ಮಗಳು, ತಂಗಿ ಕೂತು ಹೊಲಿಯುತ್ತೇವೆ. ಬಟ್ಟೆ ನಮ್ಮ ಬ್ಯಾಚಿನವರದಾಗಬೇಕು. ನಿಮ್ಮ ತಾಯಿಯ ಸೀರೆ, ತಂದೆಯ ಧೋತರ, ರುಮಾಲು, ತಾಂಡಾದವರ ಮನೆಯ ಹಳೆಯ ಕಸೂತಿಯ ಚೂರು, ಏನಿದ್ದರೂ ಒಂದು ಗೇಣು ಸಾಕು.

ಊಟದ ಪೆಂಡಾಲಿನ ಬಾಗಿಲಲ್ಲಿ ನನ್ನ ತಂಗಿ ಚೀಲ ಇಟ್ಟುಕೊಂಡು ಕೂತಿದ್ದಾಳೆ. ಇವತ್ತು ತಂದಿಲ್ಲದವರು ಯುಗಾದಿಯ ಒಳಗೆ ನಮ್ಮ ಮನೆಗೆ ಮುಟ್ಟಿಸಿ. ಹತ್ತಿ ಬಟ್ಟೆಯೇ ಇರಲಿ, ಟೆರಿಕಾಟ್ ಬೇಡ, ಜಾರುತ್ತದೆ, ನನ್ನ ಹೊಲಿಗೆಗೆ ಅದು ನಿಲ್ಲುವುದಿಲ್ಲ. ಒಣಕೊಬ್ಬರಿ ನಾನೇ ಹಾಕುತ್ತೇನೆ. ಇಲಿಯ ವಿಷಯ ಟೀಚರಿಗೆ ಈಗ ಗೊತ್ತು, ಅವರು ನೋಡಿಕೊಳ್ಳುತ್ತಾರೆ.